ಹದಿನೈದು ಬಿಲ್ಲೆಯ ಚೀಲ

ಕಾಲಿನ ಹೆಬ್ಬೆರಳಿಗೆ ಪ್ಲಾಸ್ಟಿಕ್ ಕವರಿನ ಕಿವಿ ಸಿಕ್ಕಿಸಿಕೊಂಡು ಕೂರುತ್ತಿದ್ದರು ಬ್ಯಾಗಕ್ಕ. ಕವರಿನೊಳಗೆ ಉಲ್ಲನ್ ದಾರದ ಉಂಡೆ. ರೈಲು ಕುಲುಕಿದರೆ ಉಂಡೆ ಉರುಳಿ ಸೀಟಿನಡಿ ಹೋಗಿ ಯಾರದೋ ಚಪ್ಪಲಿಗೆ ಸುತ್ತಿಕೊಳ್ಳುತ್ತದೆಂದು ಅವರೇ ಕಂಡುಕೊಂಡ ಉಪಾಯ ಅದು. ದಾರ ಬೇಕಾದಾಗ ಹೆಬ್ಬೆರಳನ್ನು ಒಂದಿಷ್ಟು ಎತ್ತುವರು. ಕವರು ಕೊಂಚ ಬಾಯಿ ಬಿಡುವುದು. ನೀಲಿಯೋ ಹಳದಿಯೋ ಎಳೆಯೊಂದು ಸರಸರ ಮೇಲೆ ಬರುವುದು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಅಲ್ಲಿಂದ ಹೊರಟು ಮಡಿಲವರೆಗೆ ಬಿಗಿಯೂ ಆಗದೆ ಜೋತೂ ಬೀಳದೆ ನಿಂತ ಒಂದು ಬಣ್ಣದ ಎಳೆ. ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಆ ಕಾಲು. ಎದುರು ಸೀಟಿನ ಮೇಲೆ, ಅಂದರೆ ನನ್ನ ಪಕ್ಕದಲ್ಲೇ, ಅದನ್ನು ಚಾಚಿಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ನಾನು ಆಗತಾನೇ ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ಮನೆ ಹೊಳೆನರಸೀಪುರದಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವ ಹತ್ತು ಹನ್ನೆರಡು ಹೆಂಗಸರದು ಒಂದು ಗುಂಪಿತ್ತು. ಬ್ಯಾಂಕಿನ ಕ್ಯಾಷಿಯರಮ್ಮ, ಕಾಲೇಜಿನ ಲೆಕ್ಚರರ್, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿ, ಹೀಗೆ. ಎಲ್ಲರ ಹತ್ತಿರವೂ ಪಾಸಿತ್ತು, ಎಲ್ಲರಿಗೂ ಅವರವರ ಜಾಗವಿತ್ತು. ಗೊತ್ತಿಲ್ಲದೆ ನಾನು ಕೂತದ್ದು ಬ್ಯಾಗಕ್ಕನ ಕಾಲಿನ ಜಾಗ.

ಬ್ಯಾಗಕ್ಕ ಎಂದು ಬೋಗಿಯವರು ಇಟ್ಟ ಹೆಸರು. ಹಾಸನದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದರು. ಊರು ಹಳ್ಳಿಮೈಸೂರಿನ ಕಡೆ. ಮೊದಲ ಬಸ್ಸಿಗೆ ಹೊರಟು ಹೊಳೆನರಸೀಪುರಕ್ಕೆ ಬಂದು ರೈಲು ಹತ್ತುವರು. ನರ್ಸಿಂಗ್ ಹೋಮಿನಲ್ಲಿ ಕೇರಳದ ನರ್ಸ್ ಒಬ್ಬರು ಹಸುಗೂಸುಗಳಿಗೆ ಟೋಪಿ ಹೆಣೆಯುವುದನ್ನು ನೋಡಿ ನೋಡಿ ಕೊಕ್ಕೆಕಡ್ಡಿಯ ಕ್ರೋಶಾ ಹೆಣಿಗೆ ಕಲಿತವರು. ಟೋಪಿ ಹೆಣೆದು ಮಿಕ್ಕ ದಾರ ಎಸೆಯಲು ಮನಸ್ಸು ಬಾರದೆ ಬಿಲ್ಲೆ ಹೆಣೆಯತೊಡಗಿದರಂತೆ.

ಬಿಲ್ಲೆ ಎಂದರೆ ಅಂಗೈಯಗಲದ ಆರು ಮೂಲೆಯ ಹೆಣಿಗೆ. ನಡುವೆ ಒಂದು ಉಂಗುರ, ಅದರ ಸುತ್ತ ಕಂಬದಂತೆ ನೆಟ್ಟಗೆ ನಿಲ್ಲುವ ಹೆಣಿಗೆ, ಮೂರು ಮೂರು ಕಂಬಗಳ ಗೊಂಚಲು, ಮೂಲೆಯಲ್ಲಿ ಎರಡೆರಡು ಗೊಂಚಲು. ಹೀಗೆ ನಾಲ್ಕು ಸುತ್ತು. ಮೂರು ಸುತ್ತು ಯಾವ ಬಣ್ಣವಾದರೂ ಸರಿ, ಕೊನೆಯ ಸುತ್ತು ಮಾತ್ರ ಕಾಫಿಪುಡಿ ಬಣ್ಣವೇ ಆಗಬೇಕು. ರೈಲು ಹೊರಟಾಗ ಉಂಗುರ ಹಾಕಿದರೆ ಮಾವಿನಕೆರೆ ಸ್ಟೇಷನ್ನಿನಲ್ಲಿ ಎರಡು ಸುತ್ತು ಮುಗಿಯುತ್ತಿತ್ತು. ಹಾಸನದ ಹೊರಗೆ ಸಿಗ್ನಲ್‌ಗೆ ರೈಲು ನಿಂತಾಗ ಹಲ್ಲಿನಲ್ಲಿ ದಾರ ಕಚ್ಚಿ ಹರಿಯುವರು. ಬೆಳಿಗ್ಗೆ ಒಂದು, ಸಂಜೆ ಒಂದು.

ಅಂಥ ಹದಿನೈದು ಬಿಲ್ಲೆಗೆ ಒಂದು ಚೀಲ. ಮುಂದಕ್ಕೆ ಐದು, ಹಿಂದಕ್ಕೆ ಐದು, ತಳದಲ್ಲಿ ಮಡಚಿಕೊಳ್ಳಲು ಮೂರು, ಪಕ್ಕಗಳಿಗೆ ಒಂದೊಂದು. ಒಳಗೆ ಅಸ್ತರಿಗೆ ಅರಿಶಿನ ಕುಂಕುಮದಲ್ಲಿ ಕೊಟ್ಟ ಬ್ಲೌಸ್ ಪೀಸು. ಯಾರೂ ಹೊಲಿಸಿಕೊಳ್ಳದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವಲ್ಲ, ಅವಕ್ಕೆ ಮುಕ್ತಿ ಸಿಗುತ್ತಿದ್ದುದು ಅಕ್ಕನ ಕೈಯಲ್ಲಿ ಮಾತ್ರ.

ಆ ಬೋಗಿಗೆ ಒಂದು ಪದ್ಧತಿಯಿತ್ತು. ವರ್ಗವೋ ಮದುವೆಯೋ ನಿವೃತ್ತಿಯೋ ಆಗಿ ಯಾರಾದರೂ ರೈಲು ಬಿಡುವವರಿದ್ದರೆ, ಅವರಿಗೆ ಎಲ್ಲರೂ ಸೇರಿ ಒಂದು ಚೀಲ ಕೊಡಬೇಕು. ಅಂಗಡಿಯಲ್ಲಿ ಕೊಂಡದ್ದಲ್ಲ. ಒಬ್ಬೊಬ್ಬರೂ ಒಂದೊಂದು ಬಿಲ್ಲೆಯನ್ನು ತಮ್ಮ ಕೈಯಾರೆ ಹೆಣೆದುಕೊಡಬೇಕು, ಸಾಲದೆ ಬಂದರೆ ಕೆಲವರು ಎರಡೆರಡು. ಜೋಡಿಸುವವರು ಅಕ್ಕ. ಗೊತ್ತಿಲ್ಲದವರಿಗೆ ಕಲಿಸುವವರೂ ಅಕ್ಕನೇ. ಕೇಂದ್ರ ಸರ್ಕಾರದ ಅಧಿಕಾರಿಯಾದರೂ ಅವರ ಎದುರು ಕಡ್ಡಿ ಹಿಡಿದು ಕೂರಲೇಬೇಕು.

ನಾನು ಸೇರಿದ ಎರಡನೇ ತಿಂಗಳಲ್ಲೇ ಕ್ಯಾಷಿಯರಮ್ಮನ ನಿವೃತ್ತಿ ಬಂತು. ಅಕ್ಕ ನನ್ನ ಕೈಗೆ ಕಡ್ಡಿ ಕೊಟ್ಟರು. ನಾನು ಲೆಕ್ಕದಲ್ಲಿ ಜಾಣೆ, ಇದೇನು ಮಹಾ ಎಂದುಕೊಂಡೆ. ಮೂರು ದಿನ ಒದ್ದಾಡಿ ಒಂದನ್ನು ಮುಗಿಸಿದೆ. ಅದು ಚಪ್ಪಟೆಯಾಗಿ ಕೂರುವ ಬದಲು ಬಟ್ಟಲಿನ ಹಾಗೆ ಮೇಲೆದ್ದಿತು. ಅಕ್ಕ ಅದನ್ನು ತಮ್ಮ ಮುಷ್ಟಿಗೆ ತೊಡಿಸಿ ಬೋಗಿಗೆಲ್ಲ ತೋರಿಸಿದರು.

"ನೋಡ್ರವ್ವಾ, ನಮ್ಮ ಆಪೀಸಮ್ಮ ಕೂಸಿಗ್ ಟೋಪಿ ಎಣದವ್ಳೆ! ಮೂಲೆ ಎಣಿಸು ಅಮ್ಮಿ, ಎಷ್ಟವೆ?"

ಎಣಿಸಿದೆ. ಐದಿದ್ದವು.

"ಬಿಚ್ಚು" ಎಂದರು.

"ಅಷ್ಟೂ ಬಿಚ್ಚಬೇಕಾ ಅಕ್ಕ?"

"ದಾರುಕ್ಕೇನ್ ನೋವಾಯ್ತದಾ? ಬಿಚ್ಚು."

ಆಮೇಲಿನ ಐದು ವರ್ಷ ಅವರ ಬಾಯಿಂದ ನಾನು ಹೆಚ್ಚು ಕೇಳಿದ ಮಾತು ಅದೇ. ಮೂಲೆಗಳು ಆರಾದವು, ಗೊಂಚಲುಗಳು ಸರಿಯಾದವು, ಆದರೂ ಬಿಚ್ಚು. ಯಾಕೆಂದರೆ ನನ್ನ ಕೈ ಬಿಗಿ. ದಾರವನ್ನು ಬೆರಳಿಗೆ ಸುತ್ತಿ ಎಳೆದು ಎಳೆದು ಹೆಣೆಯುತ್ತೇನೆ. ಹಾಗೆ ಹೆಣೆದ ಬಿಲ್ಲೆ ಉಳಿದವರದಕ್ಕಿಂತ ಒಂದು ನೂಲಿನಷ್ಟು ಚಿಕ್ಕದಾಗುತ್ತದೆ. ಒಂದೇ ಇದ್ದಾಗ ಗೊತ್ತಾಗುವುದಿಲ್ಲ. ಬೇರೆಯವರದರ ಪಕ್ಕ ಸೇರಿಸಿದರೆ ಅಲ್ಲಿ ಸುಕ್ಕು ಬೀಳುತ್ತದೆ. "ಕುಸ್ತಿ ಆಡ್ಬ್ಯಾಡ ದಾರದ್ ಜೊತೆ. ಬರಾಕ್ ಬುಡು ಅದುನ್ನ, ಅದಾಗೇ ಬತ್ತದೆ" ಎನ್ನುವರು. ಹೇಳುವಾಗ ಅವರ ಕೈ ನಿಲ್ಲುತ್ತಿರಲಿಲ್ಲ, ಕಣ್ಣು ಕಿಟಕಿಯ ಹೊರಗೆ ಇರುತ್ತಿತ್ತು. ನನಗೆ ಕೆಲಸವೂ ಹಾಗೇ, ಮಾತೂ ಹಾಗೇ, ಬಿಗಿ. ಮನೆಯಲ್ಲಿ ಅಮ್ಮ ಹೇಳಿ ಹೇಳಿ ಸೋತಿದ್ದಳು. ಬೆರಳಿಗೆ ಹೇಗೆ ಕಲಿಸುವುದು?

ನನಗೆ ಉರಿದದ್ದು ಬೇರೆ ವಿಷಯಕ್ಕೆ. ಉಳಿದವರು ಏನು ಕೊಟ್ಟರೂ ಅಕ್ಕ ತಿರುಗಿಸಿ ಮುರುಗಿಸಿ ನೋಡಿ "ಇರ್ಲಿ ಬುಡು" ಎಂದು ಕವರಿಗೆ ಹಾಕಿಕೊಳ್ಳುತ್ತಿದ್ದರು. ಬಟ್ಟೆ ಅಂಗಡಿಯ ಹುಡುಗಿ ಯಾವಾಗಲೂ ಒಂದು ಕಡೆ ಮೂರು ಕಂಬದ ಬದಲು ನಾಲ್ಕು ಹಾಕುವಳು. ಇರ್ಲಿ ಬುಡು. ಲೆಕ್ಚರರ್ ಗಂಟನ್ನು ಮೇಲುಗಡೆಗೇ ಬಿಡುವರು. ಇರ್ಲಿ ಬುಡು. ನನ್ನದು ಮಾತ್ರ ಬಿಚ್ಚು. ಎರಡು ಸಲ, ಮೂರು ಸಲ ಬಿಚ್ಚಿಸಿ, ಕೊನೆಗೆ ರೈಲು ಬಿಡುವವರ ದಿನ ಬಂದುಬಿಟ್ಟಿತೆಂದು ಏನೂ ಹೇಳದೆ ತೆಗೆದುಕೊಳ್ಳುತ್ತಿದ್ದರು. ನಗಬೇಡಿ, ನನಗೆ ಆಗ ಬೇಕಾಗಿದ್ದುದು ಬಡ್ತಿಯಲ್ಲ, ಸಂಬಳವಲ್ಲ. ಒಂದೇ ಒಂದು ಸಲ ನನ್ನ ಬಿಲ್ಲೆ ನೋಡಿ ಅವರು "ಇರ್ಲಿ ಬುಡು" ಅನ್ನಬೇಕು.

ಅಂಗಡಿಯ ಹುಡುಗಿಗೆ ಅರಕಲಗೂಡಿಗೆ ಮದುವೆ ಗೊತ್ತಾಯಿತು. ಅವಳ ಚೀಲಕ್ಕೆಂದು ನಾನು ಒಂದು ವಾರ ಮನೆಯಲ್ಲೇ ಕೂತು ಹೆಣೆದೆ. ಅಳತೆಗೆ ಸ್ಕೇಲು ಇಟ್ಟುಕೊಂಡಿದ್ದೆ. ಕೊಟ್ಟೆ. ಅಕ್ಕ ಹೆಬ್ಬೆಟ್ಟಿನಿಂದ ಒಂದು ಸಲ ಸವರಿದರು, ಅಷ್ಟೆ.

"ಮೂರನೇ ಸುತ್ತಿಂದ ಬಿಚ್ಚು."

"ಎಲ್ಲರದನ್ನೂ ಇಟ್ಕೋತೀರಿ, ನನ್ನದೇ ಯಾಕೆ ಬಿಚ್ಚಿಸ್ತೀರಿ?" ಎಂದು ಎಲ್ಲರ ಎದುರು ಕಿರುಚಿದೆ. "ನನ್ನ ಮುಖ ಕಂಡ್ರೆ ಆಗಲ್ವಾ ನಿಮಗೆ?"

ಅಕ್ಕ ಬಿಲ್ಲೆಯನ್ನು ನನ್ನ ಮಡಿಲಿಗೇ ಇಟ್ಟರು. ನಾನು ಮಾರನೆಯ ದಿನದಿಂದ ಬೇರೆ ಬೋಗಿ ಹತ್ತಿದೆ. ಎಂಟು ದಿನ ಹಾಗೆ ಹೋಯಿತು. ಒಂಬತ್ತನೆಯ ದಿನ ಮಾವಿನಕೆರೆಯಲ್ಲಿ ರೈಲು ನಿಂತಾಗ, ಅಕ್ಕ ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ದಾರದ ಕವರು, ಆ ಬೋಗಿಯಿಂದ ಇಳಿದು ಈ ಬೋಗಿಗೆ ಹತ್ತಿ ಬಂದರು. ಗಾರ್ಡು ಸೀಟಿ ಊದುತ್ತಿದ್ದ. ನನ್ನ ಎದುರು ಕೂತು ಕಾಲು ಚಾಚಿ, ನನ್ನ ಪಕ್ಕದಲ್ಲಿ ಇಟ್ಟರು.

"ಕ್ವಾಪದಾಗ್ ಎಣದ್ರೆ ಇನ್ನೂ ಬಿಗಿ ಆಯ್ತದೆ ಕಣಮ್ಮಿ" ಎಂದರು. "ತಗಾ, ಇಲ್ಲೇ ಎಣಿ. ನಾ ನೋಡ್ತೀನಿ."

ಅಷ್ಟೇ ರಾಜಿ. ಯಾಕೆ ನನ್ನದೇ ಬಿಚ್ಚಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಇಬ್ಬರೂ ನನ್ನ ಚಪಾತಿ, ಅವರ ರಾಗಿರೊಟ್ಟಿ ಬದಲಾಯಿಸಿಕೊಂಡು ತಿಂದೆವು.

ಆಮೇಲೆ ಆ ರೋಗದ ಕಾಲ ಬಂತು. ಪ್ಯಾಸೆಂಜರ್ ರೈಲು ನಿಂತಿತು. ಇಷ್ಟು ದಿನ, ಅಷ್ಟು ದಿನ ಎನ್ನುತ್ತ ವರ್ಷವೇ ಉರುಳಿತು. ಕೆಲವರು ಸ್ಕೂಟರು ಕೊಂಡರು, ಕೆಲವರು ಹಾಸನದಲ್ಲೇ ಮನೆ ಮಾಡಿದರು. ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ರೈಲು ಮತ್ತೆ ಓಡತೊಡಗಿದಾಗ ಆ ಬೋಗಿಯಲ್ಲಿ ನಮ್ಮವರೆನ್ನುವವರು ಒಬ್ಬರೂ ಇರಲಿಲ್ಲ. ಹೀಗೆ ಯಾರೂ ಯಾರನ್ನೂ ಬೀಳ್ಕೊಡದೆ, ಒಂದು ಚೀಲವೂ ಇಲ್ಲದೆ, ಎಲ್ಲರೂ ಒಟ್ಟಿಗೇ ರೈಲು ಬಿಟ್ಟಿದ್ದೆವು. ಬಸ್ಸಿನ ಕಿಟಕಿಯ ಪಕ್ಕ ಕೂತು ಚನ್ನರಾಯಪಟ್ಟಣದ ರಸ್ತೆ ನೋಡುತ್ತ ಹೋಗುವಾಗ, ಸುಮ್ಮಸುಮ್ಮನೆ ಬೆರಳುಗಳು ಆಡುತ್ತಿದ್ದವು. ಪಕ್ಕದವರು ಜಪ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಅಕ್ಕನಿಗೆ ಹುಷಾರಿಲ್ಲ ಎಂದು ಫೋನು ಮಾಡಿ ಹೇಳಿದವಳು ಅರಕಲಗೂಡಿನ ಆ ಹುಡುಗಿಯೇ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಕೆಲಸ ಬಿಟ್ಟಿದ್ದರು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಕೇಳಿದಾಗ ನನಗೆ ಥಟ್ಟನೆ ಹೊಳೆದದ್ದು ಒಂದೇ ವಿಚಾರ: ಅಷ್ಟು ಜನಕ್ಕೆ ಚೀಲ ಜೋಡಿಸಿದ ಅಕ್ಕನ ಹತ್ತಿರ ಒಂದೂ ಚೀಲವಿಲ್ಲ. ಊಟದ ಡಬ್ಬಿಯನ್ನು ಯಾವುದೋ ಜವಳಿ ಅಂಗಡಿಯ ಕವರಿನಲ್ಲೇ ತರುತ್ತಿದ್ದರು. ಅವರು ರೈಲು ಬಿಡುವ ದಿನ ಬಂದರೆ ಜೋಡಿಸುವವರು ಯಾರು ಎಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

ನಾನು ಜೋಡಿಸುತ್ತೇನೆ ಎಂದು ಹೊರಟೆ. ಭಾನುವಾರಗಳಲ್ಲಿ ಹಾಸನಕ್ಕೆ, ಅರಕಲಗೂಡಿಗೆ ಓಡಾಡಿದೆ. "ಮರೆತೇಹೋಗಿದೆ ಕಣ್ರೀ" ಎನ್ನುತ್ತಲೇ ಕಡ್ಡಿ ಕೈಗೆ ಸಿಕ್ಕ ಕೂಡಲೇ ಎಲ್ಲರ ಬೆರಳಿಗೂ ನೆನಪಾಯಿತು. ಅಂಗಡಿಯ ಹುಡುಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೆಣೆದುಕೊಟ್ಟಳು. ಈ ಸಲವೂ ಒಂದು ಕಡೆ ನಾಲ್ಕು ಕಂಬ. ಲೆಕ್ಚರರ್ ಕೊರಿಯರ್ ಮಾಡಿದರು. ಕ್ಯಾಷಿಯರಮ್ಮ ಮೂರು ಕೊಟ್ಟರು. ಹದಿನಾಲ್ಕಾದವು. ಹದಿನೈದನೆಯದು ನನ್ನದು. ಅದನ್ನು ಎಷ್ಟು ಸಲ ಬಿಚ್ಚಿದೆನೋ ನನಗೇ ಲೆಕ್ಕವಿಲ್ಲ. ಕೊನೆಗೆ ಬೇಸತ್ತು ಹೇಗೋ ಮುಗಿಸಿ, ಯಾರಿಗೂ ಕಾಣದಿರಲಿ ಎಂದು ತಳದ ಮಡಿಕೆಯಲ್ಲಿ ಸೇರಿಸಿಬಿಟ್ಟೆ.

ಚೀಲ ತೆಗೆದುಕೊಂಡು ಅವರ ಮನೆಗೆ ಹೋದಾಗ ಅಕ್ಕ ಜಗುಲಿಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಾಲು ಊದಿತ್ತು. ಆ ಹೆಬ್ಬೆರಳು ನೋಡುತ್ತಲೇ ಚೀಲವನ್ನು ಅವರ ಕೈಗಿಟ್ಟೆ. ಸೊಸೆ ಕಾಫಿಗೆ ಇಟ್ಟಳು. ಅಕ್ಕ ಚೀಲವನ್ನು ಮೊದಲು ಒಳಮೈ ಹೊರಗೆ ಮಾಡಿ ನೋಡಿದರು, ಆಮೇಲೆ ತಿರುಗಿಸಿ ಮಡಿಲಲ್ಲಿ ಹರಡಿಕೊಂಡರು. ಕಣ್ಣು ಮಂಜಾಗಿತ್ತಂತೆ. ಹೆಬ್ಬೆಟ್ಟಿನಿಂದ ಒಂದೊಂದೇ ಬಿಲ್ಲೆ ಸವರುತ್ತ ಹೋದರು.

"ಇದು ಕ್ಯಾಸಿಯರಮ್ಮುಂದು, ಒಂದೇ ಸಮ ಅವೆ. ಇದು ಲೆಕ್ಚರಮ್ಮಂದು. ಗಂಟು ಇಲ್ಲೇ ಮಡಗವ್ರೆ ನೋಡು, ಅವ್ರ್ ಬುದ್ಧಿ ಓಗಿಲ್ಲ. ಇದ್ಯಾವುದು? ಓ, ಅಂಗಡಿ ಉಡುಗೀದು! ನಾಕ್ ಅವೆ, ನಾಕ್ ಅವೆ..." ಎಂದು ಮಗುವಿನ ಹಾಗೆ ನಕ್ಕರು. ಆ ನಗುವಿನಲ್ಲಿ ಇಡೀ ಬೋಗಿ ನನ್ನ ಕಣ್ಣ ಮುಂದೆ ಬಂದು ಕೂತಿತು. ಒಬ್ಬರದೂ ತಪ್ಪಾಗಲಿಲ್ಲ. ಹದಿನಾಲ್ಕು ಮುಗಿದ ಮೇಲೆ ತಳದ ಮಡಿಕೆಗೆ ಬೆರಳು ಹಾಕಿದರು.

"ಇದು ನಿಂದು."

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಮಾತು, ಅಕ್ಕ. ಒಂದೇ ಮಾತು. ಅವರು ಬೆರಳನ್ನು ಅಲ್ಲಿಂದ ಸರಿಸಿ ಬಿಲ್ಲೆಗಳ ನಡುವಿನ ಜೋಡಣೆಯ ಮೇಲೆ ಆಡಿಸಿದರು.

"ಜೋಡ್ಸಿರೋದು ಬಿಗಿ ಆಗದೆ ಕಣಮ್ಮಿ" ಎಂದರು. "ಕಾಪಿ ಆರೋಯ್ತದೆ, ಕುಡಿ."

ಬಸ್ಸಿನಲ್ಲಿ ಬರುವಾಗ ನನಗೆ ಸಿಟ್ಟೇ ಬಂತು. ಸಾಯುವ ಕಾಲದಲ್ಲೂ ಒಂದು ಒಳ್ಳೆಯ ಮಾತು ಬಾಯಿಂದ ಬರಬಾರದೇ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಂದಿನ ವಾರ ಬರುತ್ತೇನೆ ಎಂದವಳು ಹೋಗಲಿಲ್ಲ. ಕಚೇರಿಯಲ್ಲಿ ಆಡಿಟ್ ಇತ್ತು ನಿಜ, ಆದರೆ ಭಾನುವಾರಗಳೂ ಇದ್ದವು. ಐದನೆಯ ವಾರ ಸೊಸೆಯ ಫೋನು ಬಂತು. ಡಯಾಲಿಸಿಸ್ ಮುಗಿಸಿಕೊಂಡು ಬರುವ ದಾರಿಯಲ್ಲಿ, ಕಾರಿನಲ್ಲೇ, ಅಕ್ಕ ಹೋಗಿಬಿಟ್ಟಿದ್ದರು.

ಮಣ್ಣಿಗೆ ಹೋಗಿ ಬಂದೆ. ಅವತ್ತು ಜನರ ನಡುವೆ ಏನೂ ಮಾತಾಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಮತ್ತೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ಅಕ್ಕನ ಫೋಟೋ ಹಾಕಿದ್ದರು. ಸೊಸೆ ಒಳಗಿನಿಂದ ಚೀಲ ತಂದು ನನ್ನ ಮುಂದಿಟ್ಟಳು.

"ಬೇಜಾರ್ ಮಾಡ್ಕಬ್ಯಾಡಿ ಅಕ್ಕಾ. ನೀವು ಕೊಟ್ಟೋದ್ರಲ್ಲಾ, ನೀವು ಬಸ್ಟ್ಯಾಂಡ್ ಮುಟ್ಟಿರ್ಲಿಲ್ಲ, ಕತ್ರಿ ಕೊಡು ಅಂದ್ರು. ಜೋಡಿಸಿದ್ದುನ್ನೆಲ್ಲಾ ಬಿಚ್ಚಾಕ್ಬುಟ್ರು. ನಂಗೆ ಒಟ್ಟೆ ಉರ್ದೋಯ್ತು. ಅವ್ರು ಅಷ್ಟು ಕಷ್ಟಪಟ್ಟು ತಂದವ್ರೆ, ಇಂಗ್ ಮಾಡಬೌದಾ ಅತ್ತೆ ಅಂತ ಬೈದೆ. ಕೇಳುದ್ರಾ? ಕೈ ನಡುಗೋದು, ಕಣ್ಣು ಕಾಣದು. ದಿನಾ ಒಂದೊಂದು ಕಡೆ ಸೇರ್ಸೋರು. ಆಸ್ಪತ್ರೇಲಿ ಮಿಸನ್ನಿಗ್ ಆಕ್ದಾಗ ಒಂದ್ ಕೈ ಆಡ್ಸಂಗಿಲ್ಲ, ಅವಾಗ್ ಮಾತ್ರ ಮಡಗೋರು."

ಚೀಲವನ್ನು ಎತ್ತಿಕೊಂಡೆ. ಒಂದೂ ಸುಕ್ಕಿಲ್ಲ. ಹದಿನಾಲ್ಕು ಬಿಲ್ಲೆಗಳಲ್ಲಿ ಬೋಗಿಯವರೆಲ್ಲ ಕಿತ್ತಾಡದೆ ಪಕ್ಕಪಕ್ಕ ಕೂತಿದ್ದರು. ಮುಂಭಾಗದ ಮೇಲುಸಾಲಿನಲ್ಲಿ, ಸರಿಯಾಗಿ ನಡುವೆ, ಹೆಗಲಿಗೆ ಹಾಕಿಕೊಂಡರೆ ಎಲ್ಲರಿಗೂ ಮೊದಲು ಕಾಣುವ ಕಡೆ, ಒಂದು ಬಿಲ್ಲೆಯ ಜಾಗ ಖಾಲಿಯಿತ್ತು. ಅದರ ಅಂಚಿನಲ್ಲಿ ಕಡ್ಡಿ ಹಾಗೇ ಸಿಕ್ಕಿಕೊಂಡಿತ್ತು. ಕಡ್ಡಿಯ ಮೇಲೆ ಒಂದು ಕುಣಿಕೆ. ಅದನ್ನು ಎಳೆದರೆ ಎಲ್ಲ ಬಿಚ್ಚಿಹೋಗುತ್ತದೆಂದು ಹೆದರಿ ಸೊಸೆ ಮುಟ್ಟಿರಲಿಲ್ಲ.

"ನಿಮ್ದು ಇದು" ಎಂದು ಅವಳು ನನ್ನ ಬಿಲ್ಲೆಯನ್ನು ಕೊಟ್ಟಳು. "ದಿಂಬಿನ ಕೆಳಗೆ ಮಡಿಕಂಡಿದ್ರು. ಆಗಾಗ್ಗೆ ತಗದು ಸವರೋರು, ಮತ್ತೆ ಮಡಗೋರು."

"ಏನಾದ್ರೂ ಅಂದ್ರಾ?" ಎಂದೆ.

"ಇದರ ಇಸ್ಯ ಏನೂ ಅನ್ಲಿಲ್ಲ. ಬಿಚ್ಚೋಕ್ ಮಡಗಿದ್ರೋ, ಸೇರ್ಸೋಕ್ ಮಡಗಿದ್ರೋ, ನಂಗೊತ್ತಿಲ್ಲ ಅಕ್ಕಾ. ನಾನು ಒಂದ್ಸಲ ಕೇಳ್ದೆ, ಅವ್ರೊಬ್ರುಗೇ ಯಾಕತ್ತೆ ಅಷ್ಟು ಬಿಚ್ಚಿಸ್ತಿದ್ರಿ ಅಂತ. ಎಲ್ಲಾರೂ ಒಂದ್ ಬಿಲ್ಲೆ ಎಣದು ಓಗೋರು ಕಣೆ, ನನ್ನ್ ಕಡ್ಡಿ ಇಡಿಯೋಳು ಅವ್ಳೊಬ್ಳೇ ಅಂದ್ರು."

ಎಂಟು ದಿನ ಬೇರೆ ಬೋಗಿಯಲ್ಲಿ ಮುಖ ಊದಿಸಿಕೊಂಡು ಕೂತು ಕಾದ ಉತ್ತರ ಅದು. ಆ ಭಾನುವಾರಗಳಲ್ಲಿ ಒಮ್ಮೆ ಬಂದಿದ್ದರೆ ಅವರ ಬಾಯಿಂದಲೇ ಕೇಳಬಹುದಿತ್ತು. ಜಗುಲಿಯ ಅದೇ ಮಂಚದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಸೊಸೆ ಪಕ್ಕದಲ್ಲಿ ಕೂತಿದ್ದಳು.

ಆಮೇಲೆ ಬಿಲ್ಲೆಯನ್ನು ಖಾಲಿ ಜಾಗದ ಮೇಲಿಟ್ಟು ನೋಡಿದೆ. ಒಂದು ನೂಲಿನಷ್ಟು ಕಡಿಮೆ. ಹೆಬ್ಬೆಟ್ಟಿನಿಂದ ಸವರಿದೆ. ಮೂರನೇ ಸುತ್ತಿನಲ್ಲಿತ್ತು ಬಿಗಿ. ಬೇಸತ್ತು ಮುಗಿಸಿದ ಸಂಜೆ ಯಾವುದೆಂದು ನನಗೆ ಗೊತ್ತಿತ್ತು.

ಸೊಸೆ ಬಗ್ಗಿ ನೋಡಿದಳು. "ಚೆನ್ನಾಗೇ ಐತಲ್ಲಾ ಅಕ್ಕಾ, ಇರ್ಲಿ ಬುಡಿ" ಎಂದಳು.

ನಾನು ಕೊನೆಯ ಗಂಟು ಹುಡುಕಿ, ಹಲ್ಲಿನಲ್ಲಿ ಕಚ್ಚಿ ಸಡಿಲಿಸಿ, ಬಿಚ್ಚಿದೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿ ಮಡಿಲಲ್ಲಿ ಬಿತ್ತು. ಅಕ್ಕನ ಕಡ್ಡಿಯನ್ನು ಕುಣಿಕೆಯಿಂದ ತೆಗೆಯಲು ಧೈರ್ಯ ಬರಲಿಲ್ಲ; ನನ್ನ ವ್ಯಾನಿಟಿ ಬ್ಯಾಗಿನಲ್ಲಿದ್ದ ಕಡ್ಡಿಯಿಂದ ಹೆಣೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸಲ ಮುಗಿಯಿತು. ಅದನ್ನೂ ಬಿಚ್ಚಿದೆ. ಸೊಸೆ ತಲೆ ಚಚ್ಚಿಕೊಂಡು ಒಳಗೆ ಹೋಗಿ ಮುದ್ದೆ ತೊಳಸಿದಳು. ಉಂಡು ಬಂದು ಮತ್ತೆ ಕೂತೆ. ದಾರವನ್ನು ಬೆರಳಿಗೆ ಸುತ್ತಿಕೊಳ್ಳಲಿಲ್ಲ, ಬಂದಷ್ಟು ಬರಲಿ ಎಂದು ಬಿಟ್ಟೆ.

ಬಿಸಿಲು ಜಗುಲಿ ಇಳಿಯುವ ಹೊತ್ತಿಗೆ ಆ ಬಿಲ್ಲೆ ಜಾಗದ ಮೇಲೆ ಅಳತೆ ಮಾಡಿಟ್ಟಂತೆ ಕೂತಿತು. ಆಗ ಅವರ ಕಡ್ಡಿ ಹಿಡಿದು, ಅವರು ಬಿಟ್ಟ ಕುಣಿಕೆಯಿಂದಲೇ ಶುರು ಮಾಡಿ, ಸುತ್ತಲೂ ಸೇರಿಸಿದೆ. ಸುಕ್ಕು ಬೀಳಲಿಲ್ಲ. ಅದು ಸರಿಯಾಗಿದೆ ಎಂದು ನನಗೆ ಗೊತ್ತು. ಗೊತ್ತಿದ್ದೂ, ಸೇರಿಸಿದ ಆ ಜಾಗದ ಮೇಲೆ ಕೈಯಿಟ್ಟುಕೊಂಡು, ಸೊಸೆ ದೀಪ ಹಾಕುವವರೆಗೂ ಅಕ್ಕನ ಆ ಒಂದು ಮಾತಿಗೆ ಕಾಯುತ್ತ ಅಲ್ಲೇ ಕೂತಿದ್ದೆ.